ತಡ್ಪೆಯಿಂದ ಲ್ಯಾಪ್‌ಟಾಪಿಗೆ: ಮನೆಯಲ್ಲೇ ಕೂತು ಮಾಡುವ ಕೆಲಸದ ನಮ್ಮೂರ ಚರಿತ್ರೆ

2020ರ ಮಾರ್ಚ್‌ನಲ್ಲಿ ‘ವರ್ಕ್ ಫ್ರಂ ಹೋಮ್’ ಎಂಬ ಮಾತು ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಿಗೂ ಬಂತು. ಇದು ಹೊಸ ಕಾಲದ ಹೊಸ ಪದ್ಧತಿ ಎಂದು ಟಿವಿಯಲ್ಲಿ ಹೇಳಿದರು. ಆದರೆ ಕಂಪೆನಿಯ ಕೆಲಸವನ್ನು ಮನೆಯ ಜಗಲಿಯಲ್ಲೇ ಕೂತು ಮಾಡುವುದು ನಮ್ಮ ಕರಾವಳಿಗೆ ಹೊಸತಲ್ಲ. ನಮ್ಮ ಉಮ್ಮಂದಿರು, ಅವರ ಉಮ್ಮಂದಿರು ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ಮಾಡುತ್ತಿದ್ದರು. ಬ್ಯಾರಿ, ಬಿಲ್ಲವ, ಮೊಗವೀರ ಎಂಬ ಭೇದವಿಲ್ಲದೆ ಊರಿನ ಎಷ್ಟೋ ಮನೆಗಳ ಅಕ್ಕಿ, ಮಕ್ಕಳ ಫೀಸು, ಮದುವೆಯ ಚಿನ್ನ ಬೀಡಿಯಿಂದಲೇ ಬಂದದ್ದು.

ಅಮೆರಿಕದ ಜ್ಯಾಕ್ ನೈಲ್ಸ್ ಎಂಬವರು 1973ರಲ್ಲಿ ‘ಟೆಲಿಕಮ್ಯೂಟಿಂಗ್’ ಎಂಬ ಪದವನ್ನು ಬಳಕೆಗೆ ತಂದರು. ಜನ ಆಫೀಸಿಗೆ ಹೋಗುವ ಬದಲು ಕೆಲಸವೇ ತಂತಿಯ ಮೂಲಕ ಜನರ ಬಳಿಗೆ ಬರಲಿ ಎಂಬುದು ಅವರ ಯೋಚನೆ. ಅಷ್ಟು ಹೊತ್ತಿಗೆ ನಮ್ಮ ಜಿಲ್ಲೆಗಳಲ್ಲಿ ಎಲೆ, ಹೊಗೆಸೊಪ್ಪು, ನೂಲು ಬ್ರಾಂಚಿನಿಂದ ಮನೆಗೆ ಬಂದು, ಕಟ್ಟಿದ ಬೀಡಿ ವಾಪಸು ಬ್ರಾಂಚಿಗೆ ಹೋಗುವ ವ್ಯವಸ್ಥೆ ಬಲವಾಗಿ ಬೇರೂರಿತ್ತು.

ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಹಾಗಾಗಿ ಯಾವ ಕೆಲಸ ಮನೆಗೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಮೆಷಿನಿನ ಕಡೆಯಿಂದ ನೋಡುವ ಅಭ್ಯಾಸ. ಲೇತ್ ಮೆಷಿನನ್ನು ಯಾರೂ ಮನೆಗೆ ಕೊಂಡೊಯ್ಯಲಾರರು. ಅದಕ್ಕೆ ಅಡಿಪಾಯ ಬೇಕು, ತ್ರೀ ಫೇಸ್ ಕರೆಂಟು ಬೇಕು. ಬೀಡಿಗೆ ಬೇಕಾದದ್ದು ಒಂದು ಕತ್ತರಿ, ಎಲೆ ಕತ್ತರಿಸಲು ತಗಡಿನ ಅಚ್ಚು, ಒಂದು ತಡ್ಪೆ. ಕಚ್ಚಾ ಸಾಮಾನು ಹಗುರ. ಮಾಡಿದ ಕೆಲಸವನ್ನು ಎಣಿಸಬಹುದು. ಸಾವಿರಕ್ಕೆ ಇಷ್ಟು ಎಂದು ಮಜೂರಿ ಕೊಟ್ಟರೆ ಮೇಸ್ತ್ರಿ ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಉಪಕರಣ ಸಣ್ಣದು, ಸಾಮಾನು ಹಗುರ, ಕೆಲಸ ಲೆಕ್ಕಕ್ಕೆ ಸಿಗುವಂಥದ್ದು: ಈ ಮೂರು ಸೇರಿದ ಕಡೆ ಮಾಲಿಕನಿಗೆ ಕಾರ್ಖಾನೆಯ ಕಟ್ಟಡ ಬೇಡವಾಗುತ್ತದೆ. ಕಂಪ್ಯೂಟರಿನ ಕೆಲಸಕ್ಕೂ ಇದೇ ಮಾತು. ಫೈಲಿಗೆ ತೂಕವೇ ಇಲ್ಲ.

ಹೀಗೆ ಕಟ್ಟಡ ಬೇಡವಾದಾಗ ಉಳಿಯುವ ಹಣ ಯಾರ ಕಿಸೆಗೆ ಹೋಗುತ್ತದೆ, ಮನೆಯಲ್ಲಿ ಕೂತವರನ್ನು ನೌಕರರೆಂದು ಒಪ್ಪಬೇಕೇ ಎಂಬ ಜಗಳ ಬೀಡಿ ಉದ್ಯಮದಲ್ಲಿ ಬಹಳ ಹಳೆಯದು. 1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನನ್ನು ಮಾಡಿತು. ಮಾಲಿಕ ಅಥವಾ ಕಂಟ್ರಾಕ್ಟ್‌ದಾರ ಕೊಟ್ಟ ಸಾಮಾನಿನಿಂದ ಮನೆಯಲ್ಲಿ ಬೀಡಿ ಕಟ್ಟುವವರೂ ‘ನೌಕರರು’ ಎಂದು ಆ ಕಾನೂನು ಸ್ಪಷ್ಟವಾಗಿ ಬರೆಯಿತು. ಹೆರಿಗೆ ಸೌಲಭ್ಯದ ಕಾನೂನನ್ನು ಮನೆಯಲ್ಲಿ ದುಡಿಯುವವರಿಗೂ ಅನ್ವಯಿಸಿತು.

ಈ ಕಾನೂನಿನಿಂದ ಗಡಿಯ ಎರಡು ಬದಿಗಳಲ್ಲಿ ಎರಡು ಕಥೆ ನಡೆಯಿತು. ಕೇರಳದಲ್ಲಿ ಆಗ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರಕಾರ. ಅದು 1968ರಲ್ಲಿ ಕಾನೂನನ್ನು ಜಾರಿಗೊಳಿಸಲು ಹೊರಟಾಗ ಮಂಗಳೂರಿನ ಗಣೇಶ್ ಬೀಡಿಯವರು ಕೇರಳದಲ್ಲಿದ್ದ ತಮ್ಮ ಕೆಲಸವನ್ನು ನಿಲ್ಲಿಸಿ ಹಿಂದೆ ಸರಿದರು. ಕಣ್ಣೂರು, ಕಾಸರಗೋಡು ಭಾಗದಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಹೀಗೆ ಬೀದಿಗೆ ಬಿದ್ದವರಿಗಾಗಿ 1969ರ ಫೆಬ್ರವರಿಯಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ಅಲ್ಲಿ ಕೆಲಸ ಶೆಡ್ಡುಗಳಲ್ಲಿ ನಡೆಯಿತು. ನೂರಾರು ಜನ ಒಟ್ಟಿಗೆ ಕೂತು ಬೀಡಿ ಕಟ್ಟುತ್ತಿದ್ದರೆ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಓದುವವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಆ ಶೆಡ್ಡುಗಳಿಂದ ಎಷ್ಟೋ ಓದುಗರು, ಹೋರಾಟಗಾರರು ಬೆಳೆದರು.

ದಕ್ಷಿಣ ಕನ್ನಡದಲ್ಲಿ ಮಾತ್ರ ಕೆಲಸ ಮನೆಗಳಲ್ಲೇ ಉಳಿಯಿತು. ಹೆಂಗಸರಿಗೆ ಅದರಿಂದ ಅನುಕೂಲವೂ ಆಯಿತು. ಮಗುವನ್ನು ತೊಟ್ಟಿಲಲ್ಲಿ ತೂಗುತ್ತಾ, ಗಂಜಿ ಬೇಯುವಷ್ಟರಲ್ಲಿ ನಾಲ್ಕು ಕಟ್ಟು ಮುಗಿಸಬಹುದು. ಹೊರಗೆ ದುಡಿಯಲು ಬಿಡದ ಮನೆಗಳಲ್ಲೂ ಹೆಣ್ಣಿನ ಕೈಗೆ ಸ್ವಂತ ಹಣ ಬಂತು. ನಮ್ಮ ತಂದೆಯವರ ದಿನಸಿ ಅಂಗಡಿಯ ಕಡದ ಪುಸ್ತಕದಲ್ಲಿ ಗಂಡಸರ ಹೆಸರಿನಷ್ಟೇ ಹೆಂಗಸರ ಹೆಸರೂ ಇದ್ದವು. ಬೀಡಿಯ ಮಜೂರಿ ಸಿಕ್ಕಿದ ದಿನ ಆ ಲೆಕ್ಕ ಚುಕ್ತಾ ಆಗುತ್ತಿತ್ತು. ಆದರೆ ಚಿಮಿಣಿ ಎಣ್ಣೆಯ ಖರ್ಚು, ಮನೆಯೊಳಗಿನ ಹೊಗೆಸೊಪ್ಪಿನ ಧೂಳು, ಬೆನ್ನುನೋವು ಎಲ್ಲವೂ ಅವರದೇ. ಎಲೆ ಕಡಿಮೆ ಬಿದ್ದರೆ ಕೈಯಿಂದ ಹಣ ಕೊಟ್ಟು ತರಬೇಕು. ಬ್ರಾಂಚಿನಲ್ಲಿ ‘ರಿಜೆಕ್ಟ್’ ಎಂದು ತೆಗೆದ ಬೀಡಿಗೆ ಮಜೂರಿ ಇಲ್ಲ. ಹಾಗೆ ತೆಗೆದಾಗ ಒಬ್ಬೊಬ್ಬರೇ ಹೋದ ಹೆಂಗಸರು ಯಾರ ಜೊತೆ ಸೇರಿ ಜಗಳ ಮಾಡಬೇಕು? ಶೆಡ್ಡಿನಲ್ಲಿ ಪಕ್ಕದಲ್ಲಿ ಕೂತವರು ಸಾಕ್ಷಿ ಹೇಳುತ್ತಾರೆ. ಮನೆಯಲ್ಲಿ ಗೋಡೆ ಸಾಕ್ಷಿ ಹೇಳುವುದಿಲ್ಲ.

ಆದರೂ ಹಕ್ಕುಗಳು ಒಂದೊಂದಾಗಿ ಬಂದವು. 1966ರ ಕಾನೂನನ್ನು ಪ್ರಶ್ನಿಸಿ ಮಾಲಿಕರು ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಕಾನೂನನ್ನು ಎತ್ತಿಹಿಡಿಯಿತು. ಆ ಮೊಕದ್ದಮೆ ದಾಖಲೆಯಲ್ಲಿ ಇರುವುದು ಮಂಗಳೂರು ಗಣೇಶ್ ಬೀಡಿಯ ಹೆಸರಿನಲ್ಲೇ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪ್ರಾವಿಡೆಂಟ್ ಫಂಡ್ ಸಲ್ಲಬೇಕು ಎಂದು 1985ರಲ್ಲಿ ಪಿ.ಎಂ. ಪಟೇಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೆಲಸ ಕೊಟ್ಟು, ಅದನ್ನು ನೋಡಿ ಬೇಡವೆಂದು ತಿರಸ್ಕರಿಸುವ ಅಧಿಕಾರ ಮಾಲಿಕನ ಕೈಯಲ್ಲಿದ್ದರೆ ಅದೇ ಹಿಡಿತ. ಕೆಲಸ ಎಲ್ಲಿ ಕೂತು ಮಾಡಿದರೂ ಅವಳು ಅವನ ನೌಕರಳೇ. ಆ ತೀರ್ಪಿನ ಸಾರ ಇಷ್ಟು. ಇಂದು ಮನೆಯಿಂದ ಲಾಗಿನ್ ಆಗುವ ಹುಡುಗರಿಗೆ ಈ ಮಾತಿನ ಬೆಲೆ ಗೊತ್ತಿರಬೇಕು. ಅದನ್ನು ಮೊದಲು ಗೆದ್ದುಕೊಟ್ಟವರು ಬೀಡಿ ಕಟ್ಟುವವರು.

ಇನ್ನು 2020ಕ್ಕೆ ಬರೋಣ. ಮಾರ್ಚ್ 13ರಂದು ಕೇಂದ್ರದ ದೂರಸಂಪರ್ಕ ಇಲಾಖೆ ಐಟಿ ಮತ್ತು ಕಾಲ್ ಸೆಂಟರ್ ಕಂಪೆನಿಗಳಿಗೆ ಮನೆಯಿಂದ ಕೆಲಸ ಮಾಡಿಸಲು ನಿಯಮ ಸಡಿಲಿಸಿತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ 21 ದಿನಗಳ ಲಾಕ್‌ಡೌನಿಗೆ ಹೋಯಿತು. ಕಾಸರಗೋಡಿಗೆ ಬಂದದ್ದು ದುಪ್ಪಟ್ಟು ಕಷ್ಟ. ಕರ್ನಾಟಕದವರು ತಲಪಾಡಿಯನ್ನು ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿಯಲ್ಲೇ ತಡೆಯಲ್ಪಟ್ಟರು, ಕೆಲವರು ಜೀವ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಬೇಕೆಂದು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಉಕ್ಕಿನಡ್ಕದಲ್ಲಿ ಅರ್ಧಕ್ಕೆ ನಿಂತಿದ್ದ ಮೆಡಿಕಲ್ ಕಾಲೇಜು ಕಟ್ಟಡವನ್ನು ಆ ಏಪ್ರಿಲಿನಲ್ಲೇ ಕೋವಿಡ್ ಆಸ್ಪತ್ರೆಯಾಗಿ ತೆರೆದರು.

ಮಣ್ಣಿನ ರಾಶಿ ನನ್ನ ಕೆಲಸವನ್ನು ತಡೆಯಲಿಲ್ಲ. ನಾನು ಆಗ ಒಂದು ಡಿಸೈನ್ ಆಫೀಸಿಗೆ ಮನೆಯಿಂದಲೇ ಡ್ರಾಯಿಂಗ್ ಮಾಡುತ್ತಿದ್ದೆ. ನೆಟ್ ಸಿಗಲು ಮೇಲ್ಮಾಳಿಗೆಯ ಕಿಟಕಿಯ ಬಳಿ ಕೂರಬೇಕಿತ್ತು, ಮಳೆಗಾಲದಲ್ಲಿ ಕರೆಂಟು ಹೋದರೆ ಮೊಬೈಲಿನ ಹಾಟ್‌ಸ್ಪಾಟ್, ಮೀಟಿಂಗಿನ ನಡುವೆ ಕೋಳಿ ಕೂಗು. ಇವೆಲ್ಲಕ್ಕೂ ಹೊಂದಿಕೊಂಡೆ, ತಿಂಗಳ ಕೊನೆಗೆ ಸಂಬಳ ಬಂತು. ಕೆಳಗಿನ ಜಗಲಿಯಲ್ಲಿ ಉಮ್ಮನ ತಡ್ಪೆ ಬರಿದಾಗಿತ್ತು. ನಮ್ಮ ಬ್ರಾಂಚಿಗೆ ಎಲೆ ಬರುತ್ತಿದ್ದುದು ಮಂಗಳೂರಿನಿಂದ. ಎಲೆ ಬರಲಿಲ್ಲ, ಕಟ್ಟಿಟ್ಟ ಬೀಡಿ ಹೋಗಲಿಲ್ಲ, ಮಜೂರಿ ಇಲ್ಲ. ಒಂದೇ ಮನೆಯಲ್ಲಿ ಮನೆಯಿಂದ ಕೆಲಸ ಮಾಡುವ ಇಬ್ಬರು. ಲಾಕ್‌ಡೌನ್ ಒಬ್ಬರ ಕೆಲಸವನ್ನು ಉಳಿಸಿತು, ಇನ್ನೊಬ್ಬರದನ್ನು ನಿಲ್ಲಿಸಿತು. ಗಲ್ಫಿನಿಂದ ಬರುವ ಹಣವೂ ಸಣ್ಣದಾಗಿದ್ದ ಆ ತಿಂಗಳುಗಳಲ್ಲಿ ಬೀಡಿಯ ಮಜೂರಿ ಎಷ್ಟು ದೊಡ್ಡದಾಗಿತ್ತೆಂದು ಊರಿಗೆ ತಿಳಿಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಂಸತ್ತು ಕೆಲಸದ ಸುರಕ್ಷತೆಯ ಹೊಸ ಸಂಹಿತೆಯನ್ನು ಪಾಸು ಮಾಡಿತು. 1966ರ ಬೀಡಿ ಕಾನೂನು ಅದರಲ್ಲಿ ಸೇರಿಹೋಯಿತು. ಡಿಸೆಂಬರ್ ಕೊನೆಗೆ ಬಂದ ಸೇವಾ ವಲಯದ ಮಾದರಿ ನಿಯಮಗಳ ಕರಡಿನಲ್ಲಿ ಐಟಿ ನೌಕರರ ‘ವರ್ಕ್ ಫ್ರಂ ಹೋಮ್’ ಪ್ರಸ್ತಾಪ ಬಂತು. ಮನೆಯಲ್ಲಿ ದುಡಿಯುವವರ ಬಗ್ಗೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಮಾಡಿದ 177ನೇ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ.

ಬೀಡಿ ಆರೋಗ್ಯಕ್ಕೆ ಕೆಟ್ಟದು, ಆ ಕೆಲಸ ಕಡಿಮೆಯಾಗುತ್ತಿದೆ, ಆಗಬೇಕಾದದ್ದೂ ಹೌದು. ಕಟ್ಟಿದವರ ಹಕ್ಕು ಅದರ ಜೊತೆ ಕಡಿಮೆಯಾಗಬಾರದು. ಎಷ್ಟೋ ಹೆಂಗಸರ ಪಿ.ಎಫ್., ಪಿಂಚಣಿ ಇಂದು ನಿಂತಿರುವುದು ಬ್ರಾಂಚಿನವರು ಕೊಟ್ಟ ಒಂದು ಸಣ್ಣ ಪಾಸ್ ಪುಸ್ತಕದ ಮೇಲೆ. ಹೆಸರು ಒಂದು ಕಡೆ ಬೀಪಾತುಮ್ಮ, ಆಧಾರಿನಲ್ಲಿ ಫಾತಿಮಾ ಎಂದಿದ್ದರೆ ಹಣ ಅಲ್ಲೇ ನಿಲ್ಲುತ್ತದೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂಥ ಪುಸ್ತಕ ಇದ್ದರೆ ಬಿಸಾಡಬೇಡಿ. ಪ್ರತಿ ಪುಟದ ಫೋಟೋ ತೆಗೆದಿಡಿ, ಹೆಸರು ಸರಿಪಡಿಸಲು ಮಕ್ಕಳೇ ಜೊತೆಗೆ ಹೋಗಿ. ಯಾವ ವರ್ಷ ಕಟ್ಟಲು ಶುರುಮಾಡಿದರು, ಸಾವಿರಕ್ಕೆ ಎಷ್ಟು ಸಿಗುತ್ತಿತ್ತು ಎಂದು ಉಮ್ಮನ ಹತ್ತಿರ ಕೇಳಿ ಬರೆದಿಡಿ. ನಮ್ಮ ಊರಿನ ದುಡಿಮೆಯ ಚರಿತ್ರೆ ಸದ್ಯ ಇರುವುದು ಆ ಪುಸ್ತಕಗಳಲ್ಲಿ ಮತ್ತು ಅವರ ನೆನಪಿನಲ್ಲಿ ಮಾತ್ರ.