ಫಜ್ ಪರೀಕ್ಷೆಯ ಯಾಂತ್ರೀಕರಣ: ಒಂದು ಚಾರಿತ್ರಿಕ ಸಮೀಕ್ಷೆ

ತಂತ್ರಾಂಶಗಳನ್ನು ಒರೆಗೆ ಹಚ್ಚುವ ವಿಧಾನಗಳಲ್ಲಿ ಫಜ್ ಪರೀಕ್ಷೆಯೆಂಬುದು ಇಂದು ಮುಖ್ಯವಾದ ಸ್ಥಾನವನ್ನು ಪಡೆದಿದೆ. ಅರ್ಥವಿಲ್ಲದ, ಯಾದೃಚ್ಛಿಕವಾದ ಅಕ್ಷರರಾಶಿಯನ್ನು ಪ್ರೋಗ್ರಾಮಿಗೆ ಉಣಿಸಿ, ಅದು ಎಲ್ಲಿ ಮುಗ್ಗರಿಸುವುದೆಂದು ನೋಡುವುದೇ ಇದರ ತಿರುಳು. ಈ ಪದ್ಧತಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆ ಅಕ್ಷರರಾಶಿಯನ್ನು ಹುಟ್ಟಿಸುವ ಜಾಣ್ಮೆ ಹೇಗೆ ಬೆಳೆಯಿತೆಂಬುದನ್ನು ವಿವರಿಸುತ್ತಾರೆ. ಅದರ ಬದಿಯಲ್ಲಿಯೇ ಮತ್ತೊಂದು ಚರಿತ್ರೆಯೂ ನಡೆದುಬಂದಿದೆ. ಪರೀಕ್ಷೆಯನ್ನು ಕಟ್ಟುವ ಶ್ರಮವು ಯಾರದಾಗಿದ್ದಿತು, ಅದು ಯಾರ ಕೈಗೆ ವರ್ಗವಾಯಿತು ಎಂಬುದೇ ಆ ಚರಿತ್ರೆ. ಪ್ರಸ್ತುತ ಲೇಖನದಲ್ಲಿ ಇದನ್ನು ಸಂಕ್ಷೇಪವಾಗಿ ವಿಚಾರಮಾಡಲು ಉದ್ದೇಶಿಸಿದ್ದೇವೆ.

೧

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಅವರು ೧೯೮೮ರಲ್ಲಿ ಈ ಪ್ರಯೋಗವನ್ನು ತಮ್ಮ ತರಗತಿಯ ವಿದ್ಯಾರ್ಥಿಗಳಿಗೆ ಒಪ್ಪಿಸಿದರು. ಗುಡುಗುಮಳೆಯ ಹೊತ್ತಿನಲ್ಲಿ ದೂರವಾಣಿ ತಂತಿಯ ಮೂಲಕ ಕೆಲಸಮಾಡುತ್ತಿದ್ದಾಗ, ತಂತಿಯಲ್ಲಿ ಸೇರಿದ ಗೊಂದಲದಿಂದ ಪ್ರೋಗ್ರಾಮುಗಳು ಕುಸಿದುಬಿದ್ದುದೇ ಇದಕ್ಕೆ ಪ್ರೇರಣೆ. ೧೯೯೦ರಲ್ಲಿ ಪ್ರಕಟವಾದ ಅವರ ಪ್ರಬಂಧದಂತೆ, ಯುನಿಕ್ಸ್ ವ್ಯವಸ್ಥೆಯ ಏಳು ರೂಪಗಳ ಮೇಲೆ ಸುಮಾರು ೯೦ ಪ್ರೋಗ್ರಾಮುಗಳನ್ನು ಪರೀಕ್ಷಿಸಲಾಯಿತು. ಪ್ರತಿಯೊಂದು ರೂಪದಲ್ಲಿಯೂ ಶೇಕಡ ೨೫ರಿಂದ ೩೩ರಷ್ಟು ಕುಸಿದವು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಿಲ್ಲರ್ ಅವರ ಶಿಷ್ಯರು ಪರೀಕ್ಷೆಗೆ ತೆಗೆದುಕೊಂಡುದು ಸ್ವತಂತ್ರವಾಗಿ ಓಡಬಲ್ಲ ಪ್ರೋಗ್ರಾಮುಗಳನ್ನು. ಅವುಗಳಿಗೆ ಬಾಗಿಲು ಮೊದಲೇ ಇದ್ದಿತು; ಅದರೊಳಕ್ಕೆ ಕಸವನ್ನು ಸುರಿದರೆ ಸಾಕಾಗಿದ್ದಿತು. ೨೦೧೩ರಲ್ಲಿ ಮಿಖಾವ್ ಜಲೆವ್‌ಸ್ಕಿಯವರು ಹೊರತಂದ ಎ.ಎಫ್.ಎಲ್. ಎಂಬ ಉಪಕರಣವು, ಯಾವ ಅಕ್ಷರರಾಶಿಯು ಪ್ರೋಗ್ರಾಮಿನ ಹೊಸ ಹಾದಿಯನ್ನು ತೆರೆಯಿತೆಂದು ಗುರುತಿಸಿ, ಅದನ್ನೇ ಬೆಳೆಸುತ್ತ ಹೋಗುವ ವಿವೇಕವನ್ನು ಇದಕ್ಕೆ ತಂದುಕೊಟ್ಟಿತು. ಆದರೂ ಕಡತದಿಂದಲೋ ಕೀಲಿಮಣೆಯಿಂದಲೋ ಓದುವ ಪ್ರೋಗ್ರಾಮೇ ಅದರ ಸಹಜವಾದ ಗುರಿಯಾಗಿದ್ದಿತು.

೨

ಲೈಬ್ರರಿಯ ಸ್ಥಿತಿ ಬೇರೆ. ಅದು ತಾನಾಗಿ ಓಡುವುದಿಲ್ಲ. ಇತರ ಪ್ರೋಗ್ರಾಮುಗಳು ಕರೆದಾಗ ಮಾತ್ರ ಕೆಲಸಮಾಡುವ ಫಂಕ್ಷನ್ನುಗಳ ಸಮುದಾಯವದು. ಆದುದರಿಂದ ಅದನ್ನು ಪರೀಕ್ಷಿಸಬೇಕಾದರೆ, ಅಕ್ಷರರಾಶಿಯನ್ನು ಸ್ವೀಕರಿಸಿ, ತಕ್ಕ ಫಂಕ್ಷನ್ನನ್ನು ತಕ್ಕ ಕ್ರಮದಲ್ಲಿ ಕರೆಯುವ ಚಿಕ್ಕ ಪ್ರೋಗ್ರಾಮೊಂದನ್ನು ಯಾರಾದರೂ ಬರೆಯಬೇಕು. ಇದನ್ನು ಚಾಲಕವೆಂದು ಕರೆಯೋಣ. ೨೦೧೫ರಲ್ಲಿ ಎಲ್.ಎಲ್.ವಿ.ಎಂ. ಕಂಪೈಲರ್ ಯೋಜನೆಯಿಂದ ಹೊರಬಂದ ಲಿಬ್‌ಫಜರ್ ಎಂಬ ಉಪಕರಣವು ಈ ಚಾಲಕಕ್ಕೆ ನಿಯತವಾದ ಆಕಾರವನ್ನು ಕೊಟ್ಟಿತು: ಅಕ್ಷರರಾಶಿ, ಅದರ ಉದ್ದ ಎಂಬ ಎರಡನ್ನೇ ಪಡೆಯುವ ಒಂದು ಫಂಕ್ಷನ್. ಹತ್ತು ಸಾಲಿನ ಬರಹವೇ ಅನೇಕ ವೇಳೆ ಸಾಕಾಯಿತು.

ಇದರ ಅಗತ್ಯವನ್ನು ಲೋಕಕ್ಕೆ ಮನಗಾಣಿಸಿದುದು ಹಾರ್ಟ್‌ಬ್ಲೀಡ್ ಎಂಬ ದೋಷ. ಅಂತರಜಾಲದ ಗುಪ್ತಲಿಪಿಗೆ ಆಧಾರವಾದ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ೨೦೧೨ರ ಆವೃತ್ತಿಯಲ್ಲಿ ಸೇರಿದ ಈ ದೋಷವು ೨೦೧೪ರ ಏಪ್ರಿಲ್‌ವರೆಗೆ ಬಯಲಾಗಲಿಲ್ಲ. ಸರ್ವರುಗಳ ಸ್ಮೃತಿಯಲ್ಲಿದ್ದ ಗುಟ್ಟುಗಳನ್ನು ಅಪರಿಚಿತರು ಓದಲು ಅದರಿಂದ ಸಾಧ್ಯವಾಗಿದ್ದಿತು. ತಕ್ಕ ಚಾಲಕವಿದ್ದಿದ್ದರೆ ಫಜ್ ಪರೀಕ್ಷೆಯೇ ಇದನ್ನು ಹಿಡಿಯಬಹುದಾಗಿದ್ದಿತೆಂದು ೨೦೧೫ರಲ್ಲಿ ಪ್ರಯೋಗದಿಂದ ತೋರಿಸಲಾಯಿತು. ಕೊರತೆಯಿದ್ದುದು ಯಂತ್ರಬಲದಲ್ಲಿ ಅಲ್ಲ. ಬಾಗಿಲನ್ನು ಕೊರೆಯುವ ಕೆಲಸವನ್ನು ಯಾರೂ ಮಾಡಿರಲಿಲ್ಲ.

೩

೨೦೧೬ರ ಡಿಸೆಂಬರಿನಲ್ಲಿ ಗೂಗಲ್ ಸಂಸ್ಥೆಯು ಓಎಸ್‌ಎಸ್-ಫಜ್ ಎಂಬ ಸೇವೆಯನ್ನು ಘೋಷಿಸಿತು. ಮುಕ್ತ ತಂತ್ರಾಂಶವನ್ನು ರಚಿಸುವವರು ಮೂರು ಕಡತಗಳನ್ನು ಒಪ್ಪಿಸಬೇಕು: ಯೋಜನೆಯ ವಿವರ, ಕಟ್ಟುವ ಪರಿಸರವನ್ನು ಸಿದ್ಧಪಡಿಸುವ ಡಾಕರ್‌ಫೈಲ್, ಹಾಗೂ ಲೈಬ್ರರಿಯನ್ನೂ ಚಾಲಕಗಳನ್ನೂ ಕಂಪೈಲ್ ಮಾಡುವ ಆಜ್ಞಾವಳಿ. ಈ ಮೂರನೆಯದು ನೋಡುವುದಕ್ಕೆ ಅಲ್ಪವಾದರೂ ಅದರಲ್ಲಿಯೇ ಹೆಚ್ಚಿನ ತೊಡಕು ಇರುವುದು. ಕಂಪೈಲರ್ ಯಾವುದು, ಸ್ಮೃತಿದೋಷವನ್ನು ಗುರುತಿಸುವ ಯಾವ ಕಾವಲನ್ನು ಸೇರಿಸಬೇಕು ಎಂಬುದನ್ನು ಸೇವೆಯು ಹೊರಗಿನಿಂದ ಸೂಚಿಸುತ್ತದೆ. ಲೈಬ್ರರಿಯ ಆಜ್ಞಾವಳಿಯು ಅದಕ್ಕೆ ಮಣಿಯಬೇಕು. ತನ್ನದೇ ಕಂಪೈಲರನ್ನು ಹಟದಿಂದ ಹಿಡಿದ ಆಜ್ಞಾವಳಿಯು ಕಾವಲಿಲ್ಲದ ಲೈಬ್ರರಿಯನ್ನು ಕಟ್ಟಿಕೊಡುತ್ತದೆ. ಪರೀಕ್ಷೆ ನಡೆದಂತೆ ಕಂಡರೂ ಒಳಗಿನ ಪ್ರಮಾದವು ಕಣ್ಣಿಗೆ ಬೀಳುವುದಿಲ್ಲ.

ಈ ಏರ್ಪಾಡಿನ ಫಲವು ಬೇಗನೆ ಕಂಡುಬಂದಿತು. ಅಕ್ಷರಾಕೃತಿಗಳನ್ನು ಮೂಡಿಸುವ ಫ್ರೀಟೈಪ್ ಲೈಬ್ರರಿಯಲ್ಲಿ ಹೊಸದಾಗಿ ನುಸುಳಿದ ದೋಷವೊಂದನ್ನು ಪತ್ತೆಮಾಡಿ, ತಿದ್ದಿ, ತಿದ್ದುಪಡಿಯನ್ನು ದೃಢಪಡಿಸುವ ಕಾರ್ಯವೆಲ್ಲ ಒಂದೇ ದಿನದಲ್ಲಿ ಮುಗಿಯಿತು. ೨೦೨೩ರ ಆಗಸ್ಟಿನ ವೇಳೆಗೆ ಸುಮಾರು ಸಾವಿರ ಯೋಜನೆಗಳಲ್ಲಿ ೧೦,೦೦೦ಕ್ಕೂ ಹೆಚ್ಚು ಭದ್ರತಾದೋಷಗಳು ಈ ಸೇವೆಯಿಂದ ಪತ್ತೆಯಾಗಿದ್ದವು. ಹೀಗೆ ಕಾಪಾಡಲ್ಪಟ್ಟ ಲೈಬ್ರರಿಗಳಲ್ಲಿ ಹಾರ್ಫ್‌ಬಜ್ ಎಂಬುದೂ ಒಂದು. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮುಂತಾದವುಗಳಲ್ಲಿ ಕನ್ನಡದ ಒತ್ತಕ್ಷರ ಗುಣಿತಾಕ್ಷರಗಳನ್ನು ಸರಿಯಾದ ಸ್ಥಾನದಲ್ಲಿ ಜೋಡಿಸುವುದು ಇದೇ ಆದುದರಿಂದ, ಈ ವಿಷಯವು ಕನ್ನಡ ಓದುಗರಿಗೆ ತೀರ ದೂರದ್ದೇನೂ ಅಲ್ಲ.

೪

ಉಳಿದುದು ಚಾಲಕವನ್ನು ಬರೆಯುವ ಶ್ರಮ. ಅದನ್ನೂ ಯಂತ್ರಕ್ಕೆ ವಹಿಸುವ ಯತ್ನಗಳು ತಡವಾಗಲಿಲ್ಲ. ೨೦೧೯ರ ಫಡ್ಜ್, ೨೦೨೦ರ ಫಜ್‌ಜೆನ್ ಎಂಬ ಉಪಕರಣಗಳು, ಲೈಬ್ರರಿಯನ್ನು ಇತರ ಪ್ರೋಗ್ರಾಮುಗಳು ಹೇಗೆ ಬಳಸುತ್ತಿವೆಯೆಂಬುದನ್ನು ಪರಿಶೀಲಿಸಿ, ಆ ಬಳಕೆಯಿಂದಲೇ ಚಾಲಕವನ್ನು ಹೊಸೆದವು. ೨೦೨೩ರಲ್ಲಿ ಗೂಗಲಿನವರು ಬೃಹತ್ ಭಾಷಾಮಾದರಿಗಳಿಂದ ಚಾಲಕಗಳನ್ನು ಬರೆಸಿದರು. ಬರೆದುದು ಕಂಪೈಲ್ ಆಗದಿದ್ದರೆ ದೋಷಸೂಚನೆಯನ್ನು ಮಾದರಿಗೇ ಮರಳಿಸಿ ತಿದ್ದಿಸುವುದು ಇದರ ಕ್ರಮ. ಟೈನಿಎಕ್ಸ್‌ಎಂಎಲ್೨ ಎಂಬ ಲೈಬ್ರರಿಯಲ್ಲಿ ಪರೀಕ್ಷೆಗೊಳಗಾದ ಸಾಲುಗಳ ಪ್ರಮಾಣವು ಇದರಿಂದ ಶೇಕಡ ೩೮ರಿಂದ ೬೯ಕ್ಕೆ ಏರಿತು. ೨೦೨೪ರ ನವೆಂಬರಿನಲ್ಲಿ, ಈ ಮಾರ್ಗದಿಂದ ೨೬ ಹೊಸ ಭದ್ರತಾದೋಷಗಳು ದೊರೆತುವೆಂದು ವರದಿಯಾಯಿತು. ಅವುಗಳಲ್ಲೊಂದು ಓಪನ್‌ಎಸ್‌ಎಸ್‌ಎಲ್‌ನಲ್ಲಿಯೇ ಇದ್ದಿತು. ಪ್ರಾಯಶಃ ಎರಡು ದಶಕಗಳಿಂದ ಅಲ್ಲಿ ಅಡಗಿದ್ದಿತು. ಮನುಷ್ಯರು ಬರೆದಿದ್ದ ಚಾಲಕಗಳಿಂದ ಅದು ಸಿಕ್ಕುವಂತಿರಲಿಲ್ಲವೆಂಬುದು ವರದಿಗಾರರ ಅಭಿಪ್ರಾಯ.

ಈ ಕಡೆಯ ಸಂಗತಿಯು ವಿಚಾರಯೋಗ್ಯವಾದುದು. ಹಾರ್ಟ್‌ಬ್ಲೀಡ್ ಪ್ರಕರಣದ ತರುವಾಯ ಓಪನ್‌ಎಸ್‌ಎಸ್‌ಎಲ್ ಸತತವಾಗಿ ಫಜ್ ಪರೀಕ್ಷೆಗೆ ಒಳಗಾಗುತ್ತ ಬಂದಿದ್ದಿತು. ಪರೀಕ್ಷೆ ಮೌನವಾಗಿದ್ದುದನ್ನು ಆರೋಗ್ಯದ ಲಕ್ಷಣವೆಂದು ಭಾವಿಸಿದವರಿಗೆ, ಯಾರೂ ಬಾಗಿಲು ತೆರೆಯದ ಕೋಣೆಗಳು ಆ ಮನೆಯಲ್ಲಿ ಉಳಿದಿದ್ದುದು ತಿಳಿಯಲಿಲ್ಲ. ಆದರೆ ಯಂತ್ರವೇ ಬರೆದ ಚಾಲಕಕ್ಕೂ ತನ್ನದೇ ಆದ ದೋಷವುಂಟು. ಲೈಬ್ರರಿಯ ನಿಯಮವನ್ನು ಮೀರಿ, ಕರೆಯಬಾರದ ಕ್ರಮದಲ್ಲಿ ಫಂಕ್ಷನ್ನುಗಳನ್ನು ಕರೆದರೆ ಕುಸಿತವು ಖಂಡಿತ. ಆ ತಪ್ಪು ಮಾತ್ರ ಲೈಬ್ರರಿಯದಲ್ಲ, ಚಾಲಕದ್ದು. ಇಂತಹ ಸುಳ್ಳು ದೂರುಗಳು ಹೆಚ್ಚಿದಷ್ಟೂ, ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವ ಪೋಷಕರ ಹೊರೆ ಬೆಳೆಯುತ್ತದೆ.

ಮೇಲಿನ ಸಮೀಕ್ಷೆಯಿಂದ ನಾವು ಹೀಗೆ ನಿರ್ಣಯಿಸಬಹುದು. ೧೯೮೮ರಲ್ಲಿ ಕಸವನ್ನು ಸುರಿಯುವ ಕೆಲಸವು ಯಂತ್ರದ್ದಾಯಿತು. ೨೦೧೩ರಲ್ಲಿ ಅದನ್ನು ಆರಿಸುವ ಕೆಲಸ, ೨೦೧೬ರಲ್ಲಿ ಕಟ್ಟಿ ಓಡಿಸುವ ಕೆಲಸ, ಈಚೆಗೆ ಬಾಗಿಲನ್ನು ಕೊರೆಯುವ ಕೆಲಸವೂ ಯಂತ್ರಕ್ಕೆ ಸಂದಿತು. ಲೈಬ್ರರಿಯು ತನ್ನನ್ನು ಕರೆಯುವವರಿಗೆ ಕೊಟ್ಟ ಮಾತೇನು, ಕುಸಿದಾಗ ಮಾತು ತಪ್ಪಿದವರು ಯಾರು ಎಂಬ ತೀರ್ಪು ಈಗಲೂ ಮನುಷ್ಯನಲ್ಲಿಯೇ ಉಳಿದಿದೆ. ಆ ಮಾತನ್ನು ಸ್ಪಷ್ಟವಾಗಿ ಬರೆದಿಡುವ ಅಭ್ಯಾಸವು ಬೆಳೆದ ಹೊರತು, ಬಾಗಿಲುಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಮನೆಯು ಭದ್ರವಾಯಿತೆಂದು ಹೇಳುವಂತಿಲ್ಲ.