ನಂದಿ ಕಣಿವೆಯ ಕೆಂಪು ವೈನ್

ಬೆಂಗಳೂರಿನ ಉತ್ತರಕ್ಕೆ, 1,478 ಮೀಟರ್ ಎತ್ತರದ ನಂದಿಬೆಟ್ಟದ ಸುತ್ತಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಸೀಮೆಯ ದ್ರಾಕ್ಷಿಯಿಂದ ತಯಾರಾಗುವ ಕೆಂಪು ವೈನ್. ಇದಕ್ಕೆ ಎರಡು ಮನೆತನಗಳುಂಟು. ಒಂದು ಊರ ದ್ರಾಕ್ಷಿಯದು, ಇನ್ನೊಂದು ಫ್ರಾನ್ಸಿನಿಂದ ಬಂದ ಬಳ್ಳಿಗಳದು. ಹೆಸರು ಮಾಡಿದ್ದು ಎರಡನೆಯದು. ಆದರೆ ತಿಳಿಗೆಂಪಿನ, ಹಗುರ ವೈನ್ ಎಂದು ಕರೆಯಬಹುದಾದದ್ದು ಮೊದಲನೆಯದೇ.

ಊರ ದ್ರಾಕ್ಷಿ ಎಂದರೆ ಬೆಂಗಳೂರು ನೀಲಿ. ಮೂಲದಲ್ಲಿ ಇದು ಅಮೆರಿಕದ ಇಸಬೆಲ್ಲಾ ತಳಿ. ಬೆಂಗಳೂರಿನ ಸುತ್ತ ನೆಲೆಯೂರಿ ಒಂದೂವರೆ ಶತಮಾನವಾಯಿತು. ಕಲ್ಲುಕಂಬಗಳ ಮೇಲೆ ತಂತಿ ಬಿಗಿದು ಕಟ್ಟಿದ ಚಪ್ಪರದ ಕೆಳಗೆ ಕಪ್ಪುನೀಲಿ ಗೊಂಚಲುಗಳು ಜೋತಾಡುವುದು ಈ ಭಾಗದ ಹಳೆಯ ನೋಟ. ಸಿಪ್ಪೆ ದಪ್ಪ, ಬೀಜವುಂಟು, ಹುಳಿ ಮುಂದು, ವಾಸನೆ ಗಾಢ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಯುರೋಪಿನ ವೈನ್ ಪಂಡಿತರಿಗೆ ಈ ವಾಸನೆಯೇ ಆಗದು. ಫ್ರಾನ್ಸ್ 1930ರ ದಶಕದಲ್ಲಿ ಇಸಬೆಲ್ಲಾವನ್ನು ವೈನಿಗೆ ನಿಷೇಧಿಸಿತು.

ಬೆಂಗಳೂರಿನ ಕ್ರೈಸ್ತ ಮನೆಗಳಿಗೆ ಆ ನಿಷೇಧದ ಗೊಡವೆ ಇರಲಿಲ್ಲ. ಕ್ರಿಸ್‌ಮಸ್‌ಗೆ ವಾರಗಳ ಮೊದಲೇ ದ್ರಾಕ್ಷಿ ತೊಳೆದು, ನೀರಾರಿಸಿ, ಕಿವುಚಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಸೇರಿಸಿ ಪಿಂಗಾಣಿ ಭರಣಿಯಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಹುದುಗುತ್ತಿದ್ದಂತೆ ಸಿಪ್ಪೆ ಮೇಲೆ ತೇಲಿ ಗಟ್ಟಿ ಪದರವಾಗುತ್ತದೆ. ಅದನ್ನು ದಿನವೂ ಮರದ ಸೌಟಿನಿಂದ ಕೆಳಗೆ ಅದುಮದಿದ್ದರೆ ಬಣ್ಣ ಇಳಿಯದು, ಬೂಸ್ಟು ಹಿಡಿಯಲೂಬಹುದು. ರಸಕ್ಕೆ ಸ್ವಂತ ಬಣ್ಣ ಕಡಿಮೆ, ಕೆಂಪೆಲ್ಲ ಸಿಪ್ಪೆಯದು. ಸಿಪ್ಪೆಯೊಡನೆ ಎಷ್ಟು ದಿನ ಇಟ್ಟರು ಎಂಬುದರ ಮೇಲೆ ವೈನಿನ ಬಣ್ಣ, ಒಗರು ಎರಡೂ ನಿಂತಿವೆ. ದೊಡ್ಡ ಕಾರ್ಖಾನೆಯ ಉಕ್ಕಿನ ತೊಟ್ಟಿಯಲ್ಲಿ ನಡೆಯುವುದೂ ಇದೇ ಕೆಲಸ.

ಎರಡನೆಯ ಮನೆತನ 1988ರದು. ಫ್ರಾನ್ಸಿನೊಡನೆ ವ್ಯಾಪಾರ ಸಂಬಂಧವಿದ್ದ ಉದ್ಯಮಿ ಕನ್ವಲ್ ಗ್ರೋವರ್, ಷಾಂಪೇನ್ ಪ್ರಾಂತದ ವೈನ್ ತಯಾರಕ ಜಾರ್ಜ್ ವೆಸೆಲ್ ಅವರ ನೆರವಿನಿಂದ ದೇಶದ ಹಲವೆಡೆ ಮಣ್ಣು, ಹವೆ ಪರೀಕ್ಷಿಸಿ ಕೊನೆಗೆ ದೊಡ್ಡಬಳ್ಳಾಪುರದ ಬಳಿ ನೆಲೆ ಹಿಡಿದರು. ವೆಸೆಲ್ ಅವರ ಊರು ಬೂಜಿ. ಹಗುರ ಕೆಂಪು ವೈನಿಗೆ ಹೆಸರಾದ ಊರದು ಎಂಬುದು ಇಲ್ಲಿ ನೆನೆಯತಕ್ಕದ್ದು. ಗ್ರೋವರ್ ಕುಟುಂಬದ ಮೊದಲ ವೈನ್‌ಗಳು 1992ರಲ್ಲಿ ಮಾರುಕಟ್ಟೆಗೆ ಬಂದವು. ಬೋರ್ಡೋದ ವೈನ್ ತಜ್ಞ ಮಿಷೆಲ್ ರೋಲಾಂ ಸಲಹೆಗಾರರಾದರು. ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ಬೆರೆಸಿದ ‘ಲಾ ರಿಸರ್ವ್’ ಹೊರದೇಶಗಳಲ್ಲೂ ಮೆಚ್ಚುಗೆ ಪಡೆಯಿತು. 2012ರಲ್ಲಿ ಗ್ರೋವರ್ ಸಂಸ್ಥೆ ನಾಸಿಕ ಸೀಮೆಯ ಕಂಪನಿಯೊಂದಿಗೆ ವಿಲೀನಗೊಂಡು ಗ್ರೋವರ್ ಜಂಪಾ ಆಯಿತು.

ಸುಮಾರು 900 ಮೀಟರ್ ಎತ್ತರದ ನಂದಿ ಕಣಿವೆಯ ನೆಲದಲ್ಲಿ ಹಗಲ ಬಿಸಿಲು ಚುರುಕು, ರಾತ್ರಿ ತಂಪು. ಸಿಹಿ ಏರಿದರೂ ಹುಳಿ ಪೂರ್ತಿ ಕರಗದಿರುವುದು ಆ ತಂಪಿನಿಂದ. ಬಳ್ಳಿಗೆ ಮಲಗುವ ಚಳಿಗಾಲವಿಲ್ಲ, ಆದ್ದರಿಂದ ವರ್ಷಕ್ಕೆ ಎರಡು ಸಲ ಸವರಬೇಕು. ಉತ್ತರ ಕರ್ನಾಟಕದ ವಿಜಯಪುರದ ಕಡೆಯ ಬೆಳೆಗಾರರ ಮಾತಿನಲ್ಲಿ ಈ ಸವರುವಿಕೆಯೇ ಚಾಟ್ನಿ. ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಒಂದು, ಮಳೆ ಇಳಿಮುಖವಾದಾಗ ಇನ್ನೊಂದು. ಫ್ರೆಂಚ್ ಬಳ್ಳಿಗಳಲ್ಲಿ ಎರಡು ಸಲ ಸವರಿ ಒಂದೇ ಫಸಲು, ಅದೂ ಮಳೆ ತಪ್ಪಿಸಿ ಒಣಹವೆಯಲ್ಲಿ.

2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯಿಂದ ರಾಜ್ಯ ಸರ್ಕಾರ ಈ ಬೆಳೆಗೆ ಬೆಂಬಲವಾಗಿ ನಿಂತಿತು. ವೈನ್ ಮಂಡಳಿಯೂ ಆಗಲೇ ಹುಟ್ಟಿತು.

ದಖ್ಖನ್ನಿನ ಇನ್ನೊಂದು ತುದಿಯ ಹೈದರಾಬಾದಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಗೋಲ್ಕೊಂಡದಲ್ಲಿ ಬಿಳಿ ವೈನ್ ಮಾಡುತ್ತಿದ್ದುದನ್ನು ಫ್ರೆಂಚ್ ಪ್ರವಾಸಿ ಥೆವೆನೊ 17ನೆಯ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಆದರೆ ಮುಂದೆ ಆ ನಗರ ಹೆಸರಾದದ್ದು ತಿನ್ನುವ ಹಣ್ಣಿಗೆ, ಅಂದರೆ 1890ರ ಹೊತ್ತಿಗೆ ಅಬ್ದುಲ್ ಬಾಕರ್ ಖಾನ್ ಬೆಳೆಸಿದ ಅನಾಬ್-ಎ-ಶಾಹಿಗೆ. ವೈನಿಗಾಗಿ ಹೈದರಾಬಾದಿನ ಉದ್ಯಮಿ ದಂಪತಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ಬಂದದ್ದು ಕರ್ನಾಟಕಕ್ಕೆ, ಹಂಪಿ ಸೀಮೆಯ ಗುಡ್ಡಗಳಿಗೆ. ಇಬ್ಬರ ಹೆಸರನ್ನೂ ಬೆಸೆದು ಕೃಸ್ಮಾ ಎಂದು ಕರೆದ ತೋಟದಲ್ಲಿ ಇಟಲಿಯ ಸಾಂಜೊವೆಸೆ ಬಳ್ಳಿಯನ್ನೂ ನೆಟ್ಟರು. ಬಣ್ಣ ಅಷ್ಟು ಗಾಢವಲ್ಲದ, ಹುಳಿ ಉಳಿಸಿಕೊಳ್ಳುವ ತಳಿಯದು.