ಖಡಕ್‌ವಾಸ್ಲಾದ ಬಾಗಿಲೂ ನಮ್ಮೂರ ಬೋರ್‌ವೆಲ್ಲೂ

ಪುಣೆಯಲ್ಲಿದ್ದೂ ಭಾನುವಾರ ಸಂಜೆ ಖಡಕ್‌ವಾಸ್ಲಾಕ್ಕೆ ಹೋಗದ ಕನ್ನಡಿಗರು ಇರಲಾರರು. ಕಾಂದಾ ಭಜಿ, ಸುಟ್ಟ ಮುಸುಕಿನ ಜೋಳ, ತಂಪು ಗಾಳಿ, ವಾಪಸು ಬರುವಾಗ ಟ್ರಾಫಿಕ್ಕು. ಹಾಗೆ ಭಜಿ ತಿನ್ನುತ್ತ ನಿಂತವರಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ, ಮನುಷ್ಯರು ಕೈ ಹಚ್ಚದೆ ತಾನಾಗಿ ತೆರೆದು ತಾನಾಗಿ ಮುಚ್ಚುವ ನೀರಿನ ಬಾಗಿಲುಗಳನ್ನು ನಮ್ಮ ವಿಶ್ವೇಶ್ವರಯ್ಯನವರು ಮೊದಲು ನಿಲ್ಲಿಸಿದ್ದು ಇಲ್ಲೇ, 1903ರಲ್ಲಿ.

ಅವರು ಎಂಜಿನಿಯರಿಂಗ್ ಓದಿದ್ದೂ ಪುಣೆಯಲ್ಲೇ. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದರಲ್ಲೇ ದುಡಿದರು. (ನಮ್ಮ ಹಾಗೇ ಹೊರನಾಡ ಕನ್ನಡಿಗರು ಅನ್ನಿ!) ಖಡಕ್‌ವಾಸ್ಲಾದ ಜಲಾಶಯಕ್ಕೆ ಆಗ ಲೇಕ್ ಫೈಫ್ ಎಂದು ಹೆಸರು. ಮಳೆಗಾಲದಲ್ಲಿ ಕೋಡಿಯ ಮೇಲೆ ಅಡಿಗಟ್ಟಲೆ ನೀರು ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು ಕಟ್ಟೆ ಎತ್ತರಿಸಲಿಲ್ಲ, ಕೋಡಿಯ ಮೇಲೆ ಬಾಗಿಲು ಕೂರಿಸಿದರು. ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ನೀರು ಹಳೆಯ ಮಹಾಪೂರದ ಮಟ್ಟ ಮುಟ್ಟಿದರೆ ಬಾಗಿಲು ತಾನಾಗಿ ತೆರೆಯಬೇಕು, ಇಳಿದರೆ ತಾನಾಗಿ ಮುಚ್ಚಬೇಕು. ಕರೆಂಟಿಲ್ಲ, ಮೋಟಾರಿಲ್ಲ. ನೀರಿನ ಏರಿಳಿತವೇ ಸ್ವಿಚ್ಚು. ಇದಕ್ಕೆ ಪೇಟೆಂಟೂ ಸಿಕ್ಕಿತು. ಅಂದ ಹಾಗೆ, 1961ರ ಜುಲೈ 12ರಂದು ಮೇಲಿನ ಪಾನ್‌ಶೇತ್ ಕಟ್ಟೆ ಒಡೆದಾಗ ಖಡಕ್‌ವಾಸ್ಲಾ ಕೂಡ ಒಡೆಯಿತು. ನಾವೀಗ ನೋಡುವುದು ಆಮೇಲೆ ಕಟ್ಟಿ ಸರಿಪಡಿಸಿದ್ದು.

ಈ ಬಾಗಿಲಿನ ಕಥೆ ಎಲ್ಲರೂ ಹೇಳುತ್ತಾರೆ. ಅದೇ ಕಾಲದಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ನನಗೆ ಅದಕ್ಕಿಂತ ದೊಡ್ಡದು ಅನ್ನಿಸುತ್ತದೆ. ನೀರಾ ಕಾಲುವೆಯ ಕೆಳಗೆ ಕೆಲವರು ಕಬ್ಬಿಗೆ ಬೇಕಾದಷ್ಟು ನೀರು ಎಳೆದುಕೊಂಡು ಹೊಲ ಜೌಗಾಗುತ್ತಿತ್ತು, ಉಳಿದವರಿಗೆ ಹನಿಯೂ ಸಿಗುತ್ತಿರಲಿಲ್ಲ. ಅದಕ್ಕೆ ಅವರು ತಂದದ್ದು ಬ್ಲಾಕ್ ಪದ್ಧತಿ: ಊರೂರಿಗೆ ಇಂತಿಷ್ಟು ಜಮೀನು ಎಂದು ಗೊತ್ತು ಮಾಡಿ, ಅದರಲ್ಲಿ ಕಬ್ಬು, ಭತ್ತ, ಕಡಿಮೆ ನೀರಿನ ಬೆಳೆ ಸರದಿಯಂತೆ ಬೆಳೆಯುವುದು. ಇದರಲ್ಲಿ ಯಂತ್ರವೇ ಇಲ್ಲ, ಬರೀ ಒಪ್ಪಂದ. ಬಾಗಿಲು ನೀರನ್ನು ಹಿಡಿದಿಟ್ಟಿತು, ಆದರೆ ಹಂಚಿದ್ದು ಬ್ಲಾಕು.

ಇದೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮೂರಲ್ಲಿ ಈಗ ಬಾಗಿಲಿದೆ, ಬ್ಲಾಕಿಲ್ಲ.

ನಮ್ಮದು ಕುಣಿಗಲ್ ಕಡೆಯ ಹಳ್ಳಿ. ನಾನು ಚಿಕ್ಕವನಿದ್ದಾಗ ಕೆರೆಯ ತೂಬು ಎತ್ತುವುದು, ಗದ್ದೆಗಳಿಗೆ ನೀರು ತಿರುಗಿಸುವುದು ನೀರುಗಂಟಿಯ ಕೆಲಸ. ಸುಗ್ಗಿಯಲ್ಲಿ ಅವನಿಗೆ ಭತ್ತ ಅಳೆದು ಕೊಡುತ್ತಿದ್ದರು. ಗೌಡರ ಗದ್ದೆಯಾದರೂ ಸರಿ, ಸರದಿ ಬರುವ ತನಕ ಕಾಯಬೇಕು. ಆಮೇಲೆ ಬೋರ್‌ವೆಲ್ ಬಂತು, ಕೆರೆ ಬತ್ತಿತು, ನೀರುಗಂಟಿಗೆ ಕೆಲಸವಿಲ್ಲದಾಯಿತು. ನೀರಿಗೆ ಹೊಸ ಯಜಮಾನ ಕರೆಂಟು. ತ್ರೀ ಫೇಸ್ ಬರುವುದು ನಡುರಾತ್ರಿ. ಅಪ್ಪ ಟಾರ್ಚ್ ಹಿಡಿದು ತೋಟಕ್ಕೆ ಹೋಗುತ್ತಿದ್ದರು, ಅಮ್ಮ ಅವರು ಬರುವ ತನಕ ಎದ್ದು ಕೂತಿರುತ್ತಿದ್ದಳು. ಹಾವಿನ ಭಯ ಅಂದರೆ ಸುಮ್ಮನೆಯೇ?

ಇದಕ್ಕೆ ಉಪಾಯವಾಗಿ ಬಂದದ್ದು ಆಟೋ ಸ್ಟಾರ್ಟರ್. ಕರೆಂಟು ಬಂದ ಕೂಡಲೆ ಮೋಟಾರು ತಾನೇ ಹೊರಡುತ್ತದೆ. ರೈತ ನಿದ್ದೆ ಮಾಡಿದ. ಆದರೆ ಒಂದು ಟಿಸಿಯ ಮೇಲಿನ ಅಷ್ಟೂ ಮೋಟಾರು ಒಂದೇ ಕ್ಷಣಕ್ಕೆ ಹೊರಟರೆ ಟಿಸಿ ಸುಡದೆ ಏನಾದೀತು? ಬೋರಿನಲ್ಲಿ ನೀರು ಮುಗಿದರೂ ಓಡಿ ಮೋಟಾರೂ ಸುಡುತ್ತಿತ್ತು. ಅದರ ಮೇಲೆ 2008ರಿಂದ ಕರ್ನಾಟಕದಲ್ಲಿ 10 ಎಚ್‌ಪಿ ತನಕ ಕರೆಂಟ್ ಪುಕ್ಕಟೆ. ಸ್ವಿಚ್ ಆರಿಸಲು ಯಾರಿಗೆ ಅವಸರ?

ಮುಂದಿನ ಹೆಜ್ಜೆಗೆ ಮತ್ತೆ ಪುಣೆಗೇ ಬರಬೇಕು. ಇಲ್ಲಿನ ಎಂಜಿನಿಯರ್ ಸಂತೋಷ್ ಓಸ್ತವಾಲ್ ತಮ್ಮ ಅಜ್ಜ ಪಂಪಿಗಾಗಿ ಹೊಲಕ್ಕೆ ಅಲೆಯುವುದನ್ನು ಕಂಡು ಮಾಡಿದ್ದು ‘ನ್ಯಾನೋ ಗಣೇಶ್’. ಸ್ಟಾರ್ಟರಿಗೆ ಮೊಬೈಲ್ ಸಿಮ್ ಇರುವ ಒಂದು ಪೆಟ್ಟಿಗೆ ಜೋಡಿಸಿದರಾಯಿತು. ಮನೆಯಿಂದ ಫೋನ್ ಮಾಡಿ ಕರೆಂಟಿದೆಯೇ ಎಂದು ತಿಳಿದು, ಅಂಕಿ ಒತ್ತಿ ಪಂಪು ಹಾಕಬಹುದು, ಆರಿಸಬಹುದು. ಸಾದಾ ಮೊಬೈಲೇ ಸಾಕು. 2009ರಲ್ಲಿ ಇದಕ್ಕೆ ನೋಕಿಯಾ ಕಂಪನಿಯ ಸ್ಪರ್ಧೆಯಲ್ಲಿ ಬಹುಮಾನ ಬಂತು. ಆಟೋ ಸ್ಟಾರ್ಟರಿಗಿಂತ ಇದು ನೂರು ಪಾಲು ಮೇಲು, ಏಕೆಂದರೆ ತೀರ್ಮಾನ ಮತ್ತೆ ಮನುಷ್ಯನ ಕೈಗೆ ಬಂತು.

ಈಗ ನನ್ನ ತಮ್ಮನ ಮಗ ಇನ್ನೂ ಮುಂದೆ ಹೋಗಿದ್ದಾನೆ. ನಾವು ಫ್ಲ್ಯಾಟಿನಲ್ಲಿ ಗೀಸರಿಗೆ ಹಾಕಿಕೊಳ್ಳುವ ವೈಫೈ ಸ್ವಿಚ್ಚನ್ನೇ ತೋಟಕ್ಕೆ ತಂದಿದ್ದಾನೆ. ಮೋಟಾರಿನ ಲೋಡು ಅದು ತಡೆಯಲಾರದು, ಹಾಗಾಗಿ ಸ್ವಿಚ್ಚು ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರನ್ನು ಮಾತ್ರ ಎಳೆಯುತ್ತದೆ, ಮೋಟಾರಿಗೆ ಕರೆಂಟು ಕೊಡುವುದು ಕಾಂಟ್ಯಾಕ್ಟರು. ನೀರು ಮುಗಿದರೆ ನಿಲ್ಲಿಸಲು ಡ್ರೈ ರನ್ ರಕ್ಷಣೆ. ತೆಂಗಿನ ಬುಡದಲ್ಲಿ ತೇವ ನೋಡುವ ಸೆನ್ಸರು. ಹನಿ ನೀರಾವರಿಯ ವಾಲ್ವುಗಳು ಒಂದೊಂದಾಗಿ ತಾವೇ ತಿರುಗುತ್ತವೆ. ನಮ್ಮ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತುಂಬಿದಾಗ ತಾನೇ ಹರಿಯುವ ಸೈಫನ್ ಇದೆ. ಅದರ ವಂಶದ ಕೂಸು ಇದು ಎಂದು ನನಗೆ ಖುಷಿ. ತಮ್ಮ ರಾತ್ರಿ ಮನೆಯಲ್ಲಿ ಮಲಗುತ್ತಾನೆ, ಅದು ಎಲ್ಲಕ್ಕಿಂತ ದೊಡ್ಡ ಖುಷಿ.

ಆದರೆ ಆ ಸೆನ್ಸರು ನೋಡುವುದು ನಮ್ಮ ತೆಂಗಿನ ಬುಡ ಮಾತ್ರ. ಪಕ್ಕದ ತೋಟದವರ ಬೋರು ನಮ್ಮದಕ್ಕೆ ಕೂಗಳತೆ ದೂರ. ಕೆಳಗಿನ ನೀರಿಗೆ ಬೇಲಿ ಇಲ್ಲವಲ್ಲ. ನಮ್ಮ ಪಂಪು ಓಡಿದ ದಿನ ಅವರದು ಗಾಳಿ ಕಕ್ಕುತ್ತದೆ, ಅವರದು ಓಡಿದ ದಿನ ನಮ್ಮದು. ಹೋದ ಬೇಸಿಗೆಯಲ್ಲಿ ಇಬ್ಬರೂ ಇನ್ನಷ್ಟು ಆಳ ಕೊರೆಸುವ ಮಾತಾಡಿದರು. ಎರಡು ಕಡೆಯೂ ವಾರದ ದಿನ ಹಂಚಿಕೊಂಡು ಟೈಮರಿನಲ್ಲಿ ಹಾಕಿದರೆ ಈಗಿರುವ ಬೋರೇ ಇನ್ನಷ್ಟು ಕಾಲ ಬಂದೀತು. ಯುಗಾದಿಗೆ ಊರಿಗೆ ಹೋದಾಗ ಹುಡುಗನಿಗೆ ಇದನ್ನೇ ಹೇಳಿದೆ.

“ಟೈಮರ್ ಎರಡು ನಿಮಿಷದ ಕೆಲಸ ದೊಡ್ಡಪ್ಪ. ಆದರೆ ಅವರ ಹತ್ರ ಮಾತಾಡೋರು ಯಾರು?” ಎಂದ.

ಬದು ಜಗಳದಿಂದ ಎರಡು ಮನೆಗೂ ಆರು ವರ್ಷದಿಂದ ಮಾತಿಲ್ಲ. ದಸರೆಗೆ ರಜೆ ಹಾಕಿದ್ದೇನೆ. ನಾನೇ ಹೋಗಿ ಅವರ ಜಗಲಿಯ ಮೇಲೆ ಕೂತು ಮಾತಾಡಿ ನೋಡಬೇಕು.